ಹಲಗೆ ಬಾಗಿಲಿನ ಪೇಟೆಗಳು

ಜೋಗ ನೋಡಲು ಹೊರಟವರು ಸಿದ್ದಾಪುರ ಪೇಟೆಯನ್ನು ಬಸ್ಸಿನ ಕಿಟಕಿಯಿಂದಲೇ ನೋಡಿ ಮುಗಿಸುತ್ತಾರೆ. ಸಾತೊಡ್ಡಿ, ಮಾಗೋಡು ಜಲಪಾತಗಳ ದಾರಿ ಹಿಡಿದವರು ಯಲ್ಲಾಪುರದಲ್ಲಿ ಒಂದು ಚಹಾ ಕುಡಿದು ಮುಂದೆ ಹೋಗುತ್ತಾರೆ. ಶಿರಸಿಗೆ ಬಂದವರು ಮಾರಿಗುಡಿಯಲ್ಲಿ ಕೈಮುಗಿದು, ಹೊರಗೆ ಬಂದ ಕೂಡಲೇ ಸಹಸ್ರಲಿಂಗಕ್ಕೆ, ಯಾಣಕ್ಕೆ, ಬನವಾಸಿಗೆ ಹೇಗೆ ಹೋಗುವುದೆಂದು ಕೇಳುತ್ತಾರೆ. ಈ ಮೂರು ಊರುಗಳ ಪೇಟೆಬೀದಿಗಳೂ ನಿಂತು ನೋಡುವಂಥವು ಎಂದು ಅವರಿಗೆ ಯಾರೂ ಹೇಳುವುದಿಲ್ಲ. ಊರಿನವರಾದ ನಾವೂ ಹೇಳಲಿಲ್ಲ. ಜಲಪಾತ ಮುಂದಿನ ಮಳೆಗಾಲಕ್ಕೆ ಮತ್ತೆ ತುಂಬಿ ಬೀಳುತ್ತದೆ. ಹಲಗೆ ಬಾಗಿಲಿನ ಒಂದು ಹಳೆಯ ಅಂಗಡಿ ಬಿದ್ದರೆ ಮತ್ತೆ ಏಳುವುದಿಲ್ಲ.

ಹಲಗೆ ಬಾಗಿಲನ್ನು ಕಾಣದ ಮಕ್ಕಳು ಈಗ ದೊಡ್ಡವರಾಗಿದ್ದಾರೆ. ಅವರಿಗಾಗಿ ಹೇಳುತ್ತೇನೆ. ಅಂಗಡಿಯ ಹೊಸ್ತಿಲಲ್ಲೂ ಮೇಲಿನ ತೊಲೆಯಲ್ಲೂ ಉದ್ದಕ್ಕೆ ಒಂದು ಸೀಳು ಕೊರೆದಿರುತ್ತಿತ್ತು. ಆಳೆತ್ತರದ ಹಲಗೆಗಳನ್ನು ಒಂದೊಂದಾಗಿ ಆ ಸೀಳಿಗೆ ಸೇರಿಸಿ ಸರಿಸುತ್ತ ಹೋದರೆ ಅಂಗಡಿ ಮುಚ್ಚಿತು. ಪ್ರತಿ ಹಲಗೆಗೂ ಒಂದು ಸಂಖ್ಯೆ. ಕ್ರಮ ತಪ್ಪಿದರೆ ಕೊನೆಯ ಹಲಗೆ ಕೂರುವುದಿಲ್ಲ. ಬೆಳಿಗ್ಗೆ ಆ ಹಲಗೆಗಳನ್ನು ತೆಗೆದು ಗೋಡೆಗೆ ಒರಗಿಸುವ ಸದ್ದು ಬೀದಿಯ ಒಂದು ತುದಿಯಿಂದ ಇನ್ನೊಂದು ತುದಿಗೆ ಹರಿದು ಬಂದರೆ ಪೇಟೆ ಎದ್ದಿತೆಂದು ಅರ್ಥ. ಅಂಗಡಿಯ ಮುಂದೆ ಮೊಣಕಾಲೆತ್ತರದ ಜಗಲಿ. ಜಗಲಿಯನ್ನು ದಾಟಿ ಬೀದಿಯವರೆಗೂ ಚಾಚಿದ ಹೆಂಚಿನ ಮಾಡು. ಒಳಗೆ ಅಂಗಡಿ, ಮೇಲೆ ಸಾಮಾನಿನ ಅಟ್ಟ, ಹಿಂದೆ ಮನೆ, ಅದರ ಹಿಂದೆ ಬಾವಿ. ವ್ಯಾಪಾರವೂ ಸಂಸಾರವೂ ಒಂದೇ ಸೂರಿನ ಕೆಳಗೆ ನಡೆಯುತ್ತಿದ್ದವು. ಒಳಮನೆಯ ಒಗ್ಗರಣೆಯ ವಾಸನೆ ಹೊರಗಿನ ಗಿರಾಕಿಯ ಮೂಗಿಗೂ ಬರುತ್ತಿತ್ತು.

ಆ ಚಾಚಿದ ಮಾಡಿಗೆ ಕಾರಣವಿತ್ತು. ಜೂನ್ ತಿಂಗಳಲ್ಲಿ ಹಿಡಿದ ಮಳೆ ಬಿಡುವು ಕೊಡದ ಸೀಮೆ ಇದು. ಮಳೆ ಜೋರಾದರೆ ಯಾರ ಜಗಲಿಗಾದರೂ ಹತ್ತಿ ನಿಲ್ಲಬಹುದಿತ್ತು. ಏನೂ ಕೊಳ್ಳದಿದ್ದರೂ ಅಂಗಡಿಯವರು ಏನೂ ಅನ್ನುತ್ತಿರಲಿಲ್ಲ. ಹಾಗೆ ನಿಂತ ಹೊತ್ತಿನಲ್ಲೇ ಯಾವ ಊರಲ್ಲಿ ಹೊಳೆ ಏರಿತು, ಯಾರ ತೋಟಕ್ಕೆ ಕೊಳೆರೋಗ ಬಂತು, ಯಾರ ಮನೆಯಲ್ಲಿ ಮದುವೆ ನಿಶ್ಚಯವಾಯಿತು ಎಂಬ ಸುದ್ದಿಗಳೆಲ್ಲ ಒಂದು ಜಗಲಿಯಿಂದ ಮತ್ತೊಂದಕ್ಕೆ ದಾಟುತ್ತಿದ್ದವು.

ಈ ಪೇಟೆಗಳು ನಿನ್ನೆ ಮೊನ್ನೆ ಹುಟ್ಟಿದವಲ್ಲ. ಶಿರಸಿಯ ಸಿ.ಪಿ. ಬಜಾರ್ ಸೋದೆ ಅರಸರ ಕಾಲದ ಚನ್ನಪಟ್ಟಣದ ಹೆಸರನ್ನು ಇಂದಿಗೂ ಹೊತ್ತುಕೊಂಡಿದೆ. 1801ರಲ್ಲಿ ಈ ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಇಲ್ಲಿನ ಅಡಿಕೆ, ಕಾಳುಮೆಣಸು, ಏಲಕ್ಕಿ ತೋಟಗಳ ಬಗ್ಗೆ ವಿವರವಾಗಿ ಬರೆದಿಟ್ಟಿದ್ದಾನೆ. ತೋಟದ ಬೆಳೆ ಘಟ್ಟ ಇಳಿದು ಕರಾವಳಿಗೂ, ಘಟ್ಟದ ಮೇಲಿನಿಂದ ಬಯಲುಸೀಮೆಗೂ ಹೋಗುವಾಗ ನಡುವೆ ಕೈ ಬದಲಾಗುವ ಜಾಗ ಬೇಕಿತ್ತು. ಆ ಜಾಗಗಳೇ ಪೇಟೆಗಳಾದವು. 1862ರಲ್ಲಿ ಉತ್ತರ ಕನ್ನಡ ಮದ್ರಾಸ್ ಪ್ರಾಂತದಿಂದ ಬೇರೆಯಾಗಿ ಮುಂಬಯಿ ಪ್ರಾಂತಕ್ಕೆ ಸೇರಿತು. ಅಮೆರಿಕದ ಅಂತರ್ಯುದ್ಧದಿಂದ ಇಂಗ್ಲೆಂಡಿನ ಗಿರಣಿಗಳಿಗೆ ಹತ್ತಿ ಸಿಗದೆ ಹೋದ ಕಾಲವದು. ಧಾರವಾಡ ಸೀಮೆಯ ಹತ್ತಿ ಎತ್ತಿನ ಗಾಡಿಗಳಲ್ಲಿ ಶಿರಸಿ ದಾಟಿ, ದೇವಿಮನೆ ಘಟ್ಟ ಇಳಿದು ಕುಮಟಾ ಬಂದರಿಗೆ ಹೋಗುತ್ತಿತ್ತು. ಹೊರದೇಶದ ಮಾರುಕಟ್ಟೆಯಲ್ಲಿ ಅದಕ್ಕೆ ಕುಮಟಾ ಹತ್ತಿ ಎಂದೇ ಹೆಸರು. ಇನ್ನೊಂದು ದಾರಿ ಯಲ್ಲಾಪುರದ ಮೇಲಿಂದ ಅರಬೈಲು ಘಟ್ಟ ಇಳಿದು ಕಾರವಾರಕ್ಕೆ. ಗಾಡಿಗಳು ತಂಗಿದಲ್ಲಿ ಎತ್ತಿಗೆ ಹುಲ್ಲು, ಗಾಡಿಗೆ ಕೀಲೆಣ್ಣೆ, ಗಾಡಿಯವನಿಗೆ ಅನ್ನ ಬೇಕು. ಕಮ್ಮಾರ ಬಂದ, ಬಡಗಿ ಬಂದ, ಕಿರಾಣಿ ಅಂಗಡಿಯವನು ಬಂದ. ಕರಾವಳಿಯಿಂದ ಕೊಂಕಣಿಗರು, ಬಯಲುಸೀಮೆಯಿಂದ ಲಿಂಗಾಯತ ವರ್ತಕರು, ಮುಸ್ಲಿಂ ವ್ಯಾಪಾರಿಗಳು, ದೈವಜ್ಞ ಸೊನಗಾರರು ಬಂದು ನೆಲೆಸಿದರು. ಮುಂದೆ ಮಂಗಳೂರು ಹೆಂಚು ಬಂತು, ಹುಲ್ಲಿನ ಮಾಡುಗಳು ಕೆಂಪಾದವು. ನಾವು ಕಂಡ ಪೇಟೆಯ ರೂಪ ಹೀಗೆ ಸಿದ್ಧವಾಯಿತು.

ನಮ್ಮ ಬಾಲ್ಯದಲ್ಲಿ ಶಿರಸಿ ಪೇಟೆಗೆ ಹೋಗುವುದೆಂದರೆ ಅಂಗಡಿಗಳನ್ನು ಒಂದು ಕ್ರಮದಲ್ಲಿ ಸುತ್ತಿ ಬರುವುದು. ಮಂಗಳವಾರ ಸಂತೆಯ ದಿನ. ಮನೆಯಲ್ಲಿ ಅಮ್ಮ ಬರೆದುಕೊಟ್ಟ ಸಾಮಾನಿನ ಚೀಟಿಯನ್ನು ಮೊದಲು ಕಿರಾಣಿ ಅಂಗಡಿಗೆ ಕೊಟ್ಟುಬಿಡುವುದು. ಅವರು ಕಟ್ಟಿಡುವಷ್ಟರಲ್ಲಿ ಉಳಿದ ಕೆಲಸ ಮುಗಿಸುವುದು. ಬಟ್ಟೆ ಅಂಗಡಿಯಲ್ಲಿ ಚಪ್ಪಲಿ ಬಿಟ್ಟು ಬಿಳಿ ಗಾದಿಯ ಮೇಲೆ ಕೂರಬೇಕು. ಎದುರಿಗೆ ಥಾನು ಥಾನು ಬಟ್ಟೆ ಹರವಿ, ಕಬ್ಬಿಣದ ಗಜದಲ್ಲಿ ಅಳೆದು, ಕತ್ತರಿಯಿಂದ ಒಂದು ಕಚ್ಚು ಹಾಕಿ ಉಳಿದದ್ದನ್ನು ಕೈಯಲ್ಲೇ ಹರಿಯುತ್ತಿದ್ದರು. ಪಾತ್ರೆ ಅಂಗಡಿಯಲ್ಲಿ ತಾಮ್ರದ ಹಂಡೆ, ಹಿತ್ತಾಳೆಯ ಕೊಡಗಳನ್ನು ತೂಕಕ್ಕೆ ಕೊಳ್ಳುವುದು. ಕೊಂಡ ಪಾತ್ರೆಯ ಅಂಚಿಗೆ ಪುಟ್ಟ ಉಳಿಯಿಂದ ಚುಕ್ಕಿ ಚುಕ್ಕಿಯಾಗಿ ಮನೆಯವರ ಹೆಸರು ಕೆತ್ತುವವರೆಗೆ ಕಾಯುವುದು. ಮೂಲೆಯಲ್ಲಿ ಕಲಾಯಿಯವನ ತಿದಿ. ನವಸಾಗರದ ಬಿಳಿ ಹೊಗೆ ಎದ್ದು, ಕಪ್ಪಾಗಿದ್ದ ಪಾತ್ರೆಯ ಒಳಮೈ ಒಂದೇ ಒರೆಸಿಗೆ ಬೆಳ್ಳಗಾಗುವುದನ್ನು ನಾವು ಮಕ್ಕಳು ಕಣ್ಣು ಮಿಟುಕಿಸದೆ ನೋಡುತ್ತಿದ್ದೆವು.

ಗ್ರಂಧಿಗೆ ಅಂಗಡಿಯದು ಬೇರೆಯೇ ಲೋಕ. ಬಜೆ, ಹಿಪ್ಪಲಿ, ಅಳಲೆಕಾಯಿ, ಜ್ಯೇಷ್ಠಮಧು, ಜಾಯಿಕಾಯಿ ತುಂಬಿದ ಮರದ ಖಾನೆಗಳು ಗೋಡೆ ತುಂಬ. ಬಾಣಂತಿಗೆ ಎಷ್ಟು ದಿನಕ್ಕೆ ಯಾವ ಲೇಹ, ಕೂಸಿಗೆ ಏನು ತೇಯ್ದು ನೆಕ್ಕಿಸಬೇಕು ಎಂಬುದನ್ನು ಅಂಗಡಿಯ ಯಜಮಾನರೇ ಹೇಳುತ್ತಿದ್ದರು. ಈ ಅಂಗಡಿಗಳಿಗೆ ಕಾಡಿನಿಂದಲೂ ಮಾಲು ಬರುತ್ತಿತ್ತು. ಸೀಗೆ, ಅಂಟುವಾಳ, ಮುರುಗಲು, ರಾಂಪತ್ರೆ, ದಾಲ್ಚಿನ್ನಿ ಮೊಗ್ಗು, ಜೇನು. 1990ರ ದಶಕದಲ್ಲಿ ಬೊಜ್ಜು ಕರಗಿಸುವ ಔಷಧಿಗೆಂದು ಉಪ್ಪಾಗೆ ಸಿಪ್ಪೆಗೆ ಹೊರದೇಶದಿಂದ ಬೇಡಿಕೆ ಬಂದಾಗ ಹಳ್ಳಿಹಳ್ಳಿಯ ಜನ ಹೊತ್ತು ತಂದ ಚೀಲಗಳನ್ನು ತೂಗಿ ಕೊಂಡದ್ದೂ ಪೇಟೆಯ ವರ್ತಕರೇ. ಬೇಸಿಗೆಯಲ್ಲಿ ಅಪ್ಪೆಮಿಡಿಯ ರಾಶಿಗಳು ಬೀದಿಯ ಬದಿಗೆ ಬಂದು ಬೀಳುತ್ತಿದ್ದವು. ತೊಟ್ಟು ಮುರಿದು ಮೂಸಿ, ಸೊನೆಯ ಪರಿಮಳ ನೋಡಿ, ನೂರರ ಲೆಕ್ಕದಲ್ಲಿ ಎಣಿಸಿ ಕೊಳ್ಳುವುದು ಒಂದು ವಿದ್ಯೆ. ಮಾರುವವಳಿಗೆ ಯಾವ ಹೊಳೆಯ ದಂಡೆಯ ಯಾವ ಮರದ ಮಿಡಿ ಎಂಬುದೂ ಗೊತ್ತಿರುತ್ತಿತ್ತು. ಬೀದಿಯಲ್ಲಿ ಕಂಡ ಮಾಲಿನಿಂದಲೇ ಯಾವ ತಿಂಗಳು ಎಂದು ಹೇಳಬಹುದಾಗಿದ್ದ ಕಾಲ ಅದು.

ಪೇಟೆಯ ನಿಜವಾದ ಬೆನ್ನೆಲುಬು ಅಡಿಕೆ ವಖಾರಿಗಳು ಮತ್ತು ಉದ್ರಿ ಖಾತೆ. ತೋಟಿಗನ ಕೈಗೆ ದುಡ್ಡು ಬರುವುದು ವರ್ಷಕ್ಕೊಮ್ಮೆ. ಕೊನೆಕೊಯ್ಲು ಮುಗಿದು, ಸುಲಿದು, ಬೇಯಿಸಿ, ಒಣಗಿಸಿ, ರಾಶಿ, ಬೆಟ್ಟೆ ಎಂದು ವಿಂಗಡಿಸಿ ಪೇಟೆಗೆ ತಂದ ಮೇಲೆ. ಅಲ್ಲಿಯವರೆಗೆ ಅಕ್ಕಿ, ಬೆಲ್ಲ, ಬಟ್ಟೆ, ಮಕ್ಕಳ ಪುಸ್ತಕ, ಆಸ್ಪತ್ರೆಯ ಖರ್ಚು ಎಲ್ಲವೂ ಖಾತೆಯಲ್ಲಿ ಬರೆಸಿಯೇ ನಡೆಯಬೇಕು. ಕೆಂಪು ರಟ್ಟಿನ ಉದ್ದನೆಯ ಪುಸ್ತಕದಲ್ಲಿ ಪ್ರತಿ ಮನೆಗೂ ಒಂದು ಪುಟ. ಬರೆದವರೂ ಸಹಿ ಕೇಳಲಿಲ್ಲ, ಬರೆಸಿದವರೂ ಲೆಕ್ಕ ಕೇಳಲಿಲ್ಲ. ಅಪ್ಪ ಬರಲಾಗದ ದಿನ ನನ್ನಂಥ ಹುಡುಗ ಹೋದರೂ ಸಾಕಿತ್ತು. ‘ಮಾಣಿ, ಅಪ್ಪಯ್ಯ ಬರ್ಲಿಲ್ವಾ? ಈ ಸಲ ತೋಟಕ್ಕೆ ಕೊಳೆ ಜಾಸ್ತಿಯಂತಲ್ಲ?’ ಎಂದು ಕೇಳುತ್ತಲೇ ಯಜಮಾನರು ಸಾಮಾನು ಕಟ್ಟಿಸಿ, ಬಸ್ಸಿನ ಹೊತ್ತಿಗೆ ಸರಿಯಾಗಿ ಕಳಿಸುತ್ತಿದ್ದರು. ದೀಪಾವಳಿಯ ಅಂಗಡಿ ಪೂಜೆಗೆ ಹೊಸ ಖಾತೆಪುಸ್ತಕಕ್ಕೆ ಕುಂಕುಮ ಹಚ್ಚಿ, ಗಿರಾಕಿಗಳಿಗೆಲ್ಲ ಪ್ರಸಾದ, ಎಲೆ ಅಡಿಕೆ. ಬೆಳೆ ಕೆಟ್ಟ ವರ್ಷ ಬಾಕಿ ಹಾಗೆಯೇ ಮುಂದಿನ ಪುಸ್ತಕಕ್ಕೆ ಹೋಗುತ್ತಿತ್ತು.

ಇದನ್ನೆಲ್ಲ ನೆನೆಯುವಾಗ ಒಂದು ಮಾತನ್ನು ಮುಚ್ಚಿಡಬಾರದು. ಆ ಖಾತೆಯಲ್ಲಿ ಸಾಲದ ಬಲೆಯೂ ಇತ್ತು. ದಲಾಲರಲ್ಲಿ ಮುಂಗಡ ತಂದ ರೈತ ಅವರು ಹೇಳಿದ ದರಕ್ಕೆ ಅಡಿಕೆ ಹಾಕಬೇಕಾಗುತ್ತಿತ್ತು. ಈ ಹಿಡಿತದಿಂದ ಬಿಡಿಸಿಕೊಳ್ಳಲೆಂದೇ ತೋಟಿಗರು ಒಟ್ಟಾಗಿ 1923ರಲ್ಲಿ ಶಿರಸಿಯಲ್ಲಿ ತೋಟಗಾರ್ಸ್ ಕೋಆಪರೇಟಿವ್ ಸೇಲ್ ಸೊಸೈಟಿ ಕಟ್ಟಿದರು. ಈ ಸಂಘ, ನಮ್ಮ ಟಿಎಸ್ಎಸ್, ನೂರು ವರ್ಷ ದಾಟಿದೆ. ಅಡಿಕೆಗೆ ಬಹಿರಂಗ ಟೆಂಡರು, ಸರಿಯಾದ ತೂಕ, ಕೈಗೆ ಸಾಲ ಇವು ಬಂದದ್ದು ಸಹಕಾರಿ ಸಂಘಗಳಿಂದ. 2019ರಲ್ಲಿ ಶಿರಸಿ ಅಡಿಕೆಗೆ ಭೌಗೋಳಿಕ ಸೂಚಿಕೆಯ ಮಾನ್ಯತೆ ಸಿಕ್ಕಾಗ ಈ ಸೀಮೆಯವರೆಲ್ಲ ಹೆಮ್ಮೆಪಟ್ಟೆವು. ಇನ್ನೊಂದು ನೋವೂ ಇದೆ. ಜಗಲಿ ಎಲ್ಲರಿಗೂ ಒಂದೇ ಆಗಿರಲಿಲ್ಲ. ಬೀದಿಯಲ್ಲೇ ನಿಂತು, ಕೆಳಗಿನಿಂದಲೇ ಕೈಚಾಚಿ ಸಾಮಾನು ತೆಗೆದುಕೊಂಡವರ ಮೊಮ್ಮಕ್ಕಳು ಹಳೆಯ ಪೇಟೆಯನ್ನು ನನ್ನಷ್ಟು ಪ್ರೀತಿಯಿಂದ ನೆನೆಯಬೇಕೆಂದು ನಾನು ಕೇಳಲಾರೆ. ಇಂದಿನ ಅಂಗಡಿಯೊಳಗೆ ಯಾರು ಬೇಕಾದರೂ ನಡೆದು ಹೋಗಿ ತಮಗೆ ಬೇಕಾದ್ದನ್ನು ತಾವೇ ಎತ್ತಿಕೊಳ್ಳಬಹುದು. ಅದು ಒಳ್ಳೆಯ ಬದಲಾವಣೆ. ಉಳಿಯಬೇಕಾಗಿದ್ದದ್ದು ಹಳೆಯ ಮೇಲುಕೀಳಲ್ಲ, ಮುಖ ನೋಡಿ ಹೆಸರು ಹಿಡಿದು ಮಾತಾಡಿಸುವ ಬಳಕೆ. ಮೇಲುಕೀಳು ಹೋಗುವಾಗ ಆ ಬಳಕೆಯೂ ಹೋಗಬೇಕಾಗಿರಲಿಲ್ಲ.

ಸಿದ್ದಾಪುರದ ಪೇಟೆಗೆ ಗಡಿಯೂರಿನ ಗುಣವಿತ್ತು. 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆ ಆಗುವವರೆಗೆ ಸಿದ್ದಾಪುರ ಮುಂಬಯಿ ಪ್ರಾಂತದ ಅಂಚು, ಆಚೆಗೆ ಮೈಸೂರು ಸೀಮೆ. ಸ್ವಾತಂತ್ರ್ಯ ಹೋರಾಟದ ಕರನಿರಾಕರಣೆಯ ದಿನಗಳಲ್ಲಿ ಮನೆ ಜಮೀನು ಜಪ್ತಿಯಾದ ಸಿದ್ದಾಪುರದ ರೈತರಿಗೆ ಆ ಗಡಿಯೇ ಆಸರೆಯಾಗಿತ್ತು. ಪೇಟೆಯ ಒಂದು ಮುಖ ಶಿರಸಿ, ಕುಮಟಾದ ಕಡೆಗೆ, ಇನ್ನೊಂದು ಮುಖ ತಾಳಗುಪ್ಪ, ಸಾಗರದ ಕಡೆಗೆ. ಬುಧವಾರದ ಸಂತೆಗೆ ಎರಡೂ ಕಡೆಯ ಮಾಲು, ಎರಡೂ ಕಡೆಯ ಮಾತು. ಸಿದ್ದಾಪುರ, ಶಿರಸಿಗಳ ಇನ್ನೊಂದು ಸಂಪತ್ತು ಗುಡಿಗಾರರು. ಗಂಧದ ಪೆಟ್ಟಿಗೆಯ ಮೇಲೆ ಬೆರಳಗಲದಲ್ಲಿ ಬಳ್ಳಿ, ಹೂ, ಆನೆ, ಸಿಂಹಗಳನ್ನು ಎಬ್ಬಿಸುವ ಕೈ ಅವರದು. ಮದುವೆಯ ಬೆಂಡಿನ ಬಾಸಿಂಗ, ಚೌತಿಯ ಗಣಪತಿ, ಯಕ್ಷಗಾನದ ಕಿರೀಟ ಭುಜಕೀರ್ತಿ, ಎಲ್ಲವೂ ಅವರ ಮನೆಯಂಗಳದಲ್ಲೇ ಆಗಬೇಕು. ಅವರು ಕೆತ್ತುತ್ತಿದ್ದ ದಂತದ ವ್ಯಾಪಾರಕ್ಕೆ ಕಾನೂನಿನ ತಡೆ ಬಂತು, ಅದು ಸರಿಯೇ. ಗಂಧದ ಮರವೇ ಅಪರೂಪವಾಯಿತು, ತುಂಡಿನ ಬೆಲೆ ಕುಶಲಕರ್ಮಿಯ ಕೈಗೆ ಎಟುಕದಾಯಿತು. ಬೆಂಡಿನ ಬಾಸಿಂಗದ ಜಾಗಕ್ಕೆ ಪ್ಲಾಸ್ಟಿಕ್ ಮುತ್ತಿನದು ಪೆಟ್ಟಿಗೆಯಲ್ಲಿ ತುಂಬಿ ಹೊರಗಿನಿಂದ ಬರುತ್ತಿದೆ. ಉಳಿ ಹಿಡಿದ ಮನೆಗಳು ಈಗಲೂ ಇವೆ. ಆದರೆ ಮಗನಿಗೆ ಉಳಿ ಕೊಡಲು ಅಪ್ಪನೇ ಹಿಂಜರಿಯುವ ಹೊತ್ತು ಬಂದಿದೆ.

ಯಲ್ಲಾಪುರದ ಪೇಟೆಯ ಜೀವ ರವಿವಾರದ ಸಂತೆ. ಘಟ್ಟದ ಮೇಲಿನ ಇಷ್ಟು ಬಗೆಯ ಜನ ಒಂದೇ ಬೀದಿಯಲ್ಲಿ ಕಾಣಸಿಗುವ ಊರು ಅಪರೂಪ. ತೋಟದ ಹವ್ಯಕರು, ಮರಾಠಿ ಮಾತಾಡುವ ರೈತರು, ಕುಣಬಿಗಳು, ಹಾಲು ಬೆಣ್ಣೆ ಹೊತ್ತು ಬರುವ ಗೌಳಿಗರು, ಮಂಚಿಕೇರಿ ಕಡೆಯ ಕಾಡಂಚಿನಿಂದ ಬರುವ ಸಿದ್ಧಿಯರು. ಆಫ್ರಿಕಾದಿಂದ ಶತಮಾನಗಳ ಹಿಂದೆ ಬಂದವರ ವಂಶದ ಸಿದ್ಧಿ ಹೆಂಗಸು ಅಚ್ಚ ಕೊಂಕಣಿಯಲ್ಲಿ ಮೆಣಸಿನಕಾಯಿಗೆ ಚೌಕಾಶಿ ಮಾಡುವಾಗ, ಅಂಗಡಿಯವರು ಅದೇ ಸಲಿಗೆಯಲ್ಲಿ ಉತ್ತರ ಕೊಡುವಾಗ, ಈ ದೇಶವನ್ನು ತಿಳಿಯಲು ಬೇರೆ ಪಾಠ ಬೇಡ ಎನ್ನಿಸುತ್ತಿತ್ತು. ಮೇದಾರರ ಬುಟ್ಟಿ, ಮೊರ, ಕಮ್ಮಾರನ ಕತ್ತಿ, ಕುಂಬಾರನ ಗಡಿಗೆ, ಮಳೆಗಾಲಕ್ಕೆ ಕಂಬಳಿ, ಎಲ್ಲವನ್ನೂ ಮಾಡಿದವರೇ ಕೂತು ಮಾರುತ್ತಿದ್ದರು. ಹುಬ್ಬಳ್ಳಿ–ಅಂಕೋಲಾ ಹೆದ್ದಾರಿ ಊರಿನ ನಡುವೆಯೇ ಹಾಯುತ್ತದೆ. ಅದಿರಿನ ಲಾರಿಗಳು ಹಗಲಿರುಳೂ ಬೇಲೇಕೇರಿ ಬಂದರಿಗೆ ಓಡಿದ ವರ್ಷಗಳಲ್ಲಿ ಕೆಂಪು ಧೂಳು ರಸ್ತೆಬದಿಯ ಅಂಗಡಿಗಳ ಮೇಲೆಲ್ಲ ಕೂತಿತು. 2010ರಲ್ಲಿ ಸರ್ಕಾರ ಅದಿರು ರಫ್ತಿಗೆ ತಡೆ ಹಾಕಿತು, ಧೂಳು ಇಳಿಯಿತು. ರಸ್ತೆ ದಾಟಿ ಎದುರಂಗಡಿಗೆ ಹೋಗಿ ಎರಡು ಮಾತಾಡಿ ಬರುವ ಹಳೆಯ ರೂಢಿ ಮಾತ್ರ ಮರಳಲಿಲ್ಲ.

ಪೇಟೆಬೀದಿ ವ್ಯಾಪಾರಕ್ಕಷ್ಟೇ ಇದ್ದದ್ದೂ ಅಲ್ಲ. ಎರಡು ವರ್ಷಕ್ಕೊಮ್ಮೆ ಶಿರಸಿಯ ಮಾರಿಕಾಂಬೆ ತೇರೇರಿ ಇದೇ ಬೀದಿಗಳಲ್ಲಿ ಬಂದು ಬಿಡ್ಕಿಬೈಲಿನ ಗದ್ದುಗೆಯಲ್ಲಿ ಕೂರುತ್ತಾಳೆ. ಆ ದಿನಗಳಲ್ಲಿ ಪೇಟೆಯೇ ದೇವಸ್ಥಾನ. ಜಾತ್ರೆಯಿಲ್ಲದ ವರ್ಷ ಹೋಳಿಯ ಮುಂಚಿನ ರಾತ್ರಿಗಳಲ್ಲಿ ಬೇಡರ ವೇಷ. ಬೆನ್ನಿಗೆ ನವಿಲುಗರಿ, ಮುಖಕ್ಕೆ ಕೆಂಪು ಬಣ್ಣ, ಕೈಯಲ್ಲಿ ಕತ್ತಿ ಗುರಾಣಿ. ತಮಟೆಯ ಪೆಟ್ಟಿಗೆ ವೇಷಧಾರಿ ಬೀದಿಯುದ್ದ ಅಬ್ಬರಿಸಿ ಬರುವಾಗ ಮಕ್ಕಳೆಲ್ಲ ಜಗಲಿ ಹತ್ತಿ ಕಂಬ ತಬ್ಬಿಕೊಳ್ಳುತ್ತಿದ್ದೆವು. ಇವೆರಡೂ ಇಂದಿಗೂ ಮೊದಲಿನ ವೈಭವದಲ್ಲೇ ನಡೆಯುತ್ತಿವೆ. ಕಂಬವಿರುವ ಜಗಲಿಗಳು ಮಾತ್ರ ವರ್ಷ ವರ್ಷಕ್ಕೆ ಕಡಿಮೆಯಾಗುತ್ತಿವೆ.

ಯಾಕೆ ಹೀಗಾಯಿತು? ಒಬ್ಬರನ್ನು ಬೊಟ್ಟುಮಾಡಿ ತೋರಿಸಲಾಗದು. ರಸ್ತೆ ಅಗಲವಾಗಬೇಕಾದಾಗ ಮೊದಲು ಹೋಗುವುದು ಜಗಲಿ. ಜಗಲಿ ಹೋದ ಕಟ್ಟಡಕ್ಕೆ ಹಲಗೆ ಬಾಗಿಲು ಹೊಂದುವುದಿಲ್ಲ, ಕಬ್ಬಿಣದ ಶಟರ್ ಬರುತ್ತದೆ. ಹೆಂಚಿನ ಮಾಡಿಗೆ ಪ್ರತಿ ವರ್ಷ ಕೈಯಾಡಿಸಬೇಕು, ಒಡೆದ ಹೆಂಚು ಬದಲಿಸುವ ಆಳು ಸಿಗುವುದಿಲ್ಲ. ಹಿಸ್ಸೆಯಾದ ಆಸ್ತಿಯಲ್ಲಿ ಅಣ್ಣ ತಮ್ಮಂದಿರು ಒಪ್ಪುವುದು ಒಂದಕ್ಕೇ, ಕೆಡವಿ ಮೂರಂತಸ್ತಿನ ಕಾಂಪ್ಲೆಕ್ಸ್ ಕಟ್ಟುವುದಕ್ಕೆ. ನಮ್ಮದೇ ಸಹಕಾರಿ ಸಂಘಗಳ ಸೂಪರ್ ಮಾರ್ಕೆಟ್ಟಿನಲ್ಲಿ ಅಕ್ಕಿಯಿಂದ ಟಿ.ವಿ.ವರೆಗೆ ಎಲ್ಲವೂ ಒಂದೇ ಸೂರಿನಡಿ ಸಿಗುತ್ತದೆ, ಬೆಲೆಯೂ ನ್ಯಾಯವಾದದ್ದು. ಉಳಿದದ್ದು ಮೊಬೈಲಿನಲ್ಲಿ ಒತ್ತಿದರೆ ಹಳ್ಳಿಯ ತನಕ ಪಾರ್ಸೆಲ್ ಆಗಿ ಬರುತ್ತದೆ. ತೋಟದ ಮನೆಗಳ ಮಕ್ಕಳು ಬೆಂಗಳೂರು ಸೇರಿದಂತೆಯೇ ಅಂಗಡಿಯವರ ಮಕ್ಕಳೂ ಸೇರಿದರು. ಅವರು ಓದಲೆಂದು ದುಡಿದದ್ದೂ ಈ ಅಂಗಡಿಯೇ. ಗಲ್ಲೆಯ ಮುಂದೆ ವಯಸ್ಸಾದ ಯಜಮಾನರೊಬ್ಬರೇ ಕೂತಿದ್ದಾರೆ. ಅವರು ಮಲಗಿದ ದಿನ ಅಂಗಡಿಯೂ ಮುಚ್ಚುತ್ತದೆ.

ಇದು ನಮ್ಮೊಬ್ಬರ ಕಥೆಯಲ್ಲ. ಜಪಾನಿನ ಊರೂರಲ್ಲೂ ಶೋಟೆಂಗೈ ಎನ್ನುವ ಅಂಗಡಿಬೀದಿಗಳಿವೆ. ಕ್ಯೋಟೋದ ನಿಶಿಕಿ ಮಾರುಕಟ್ಟೆ, ಟೋಕಿಯೊದ ಯಾನಕಾ ಗಿಂಜಾ ಅಂಥವು. ಒಸಾಕಾದ ತೆಂಜಿನ್‌ಬಾಶಿ ಬೀದಿಯಂತೂ ಎರಡೂವರೆ ಕಿಲೋಮೀಟರಿಗಿಂತ ಉದ್ದ. ಅನೇಕ ಕಡೆ ಮಳೆಯಲ್ಲೂ ಜನ ನೆನೆಯದೆ ಕೊಳ್ಳಲೆಂದು ಇಡೀ ಬೀದಿಗೆ ಮಾಡು ಹೊದಿಸಿದ್ದಾರೆ. ನಮ್ಮ ಜಗಲಿಯ ಮಾಡಿನ ಹಿಂದೆ ಇದ್ದದ್ದೂ ಅದೇ ಕಾಳಜಿ. ಸಣ್ಣ ಅಂಗಡಿಗಳನ್ನು ಕಾಯಲು ಅಲ್ಲಿ 1973ರಲ್ಲಿ ದೊಡ್ಡ ಮಳಿಗೆಗಳ ಮೇಲೆ ಕಾನೂನೇ ಬಂದಿತ್ತು. 1990ರ ದಶಕದಲ್ಲಿ ಅದನ್ನು ಸಡಿಲಿಸಿ 2000ದಲ್ಲಿ ತೆಗೆದುಹಾಕಿದರು. ಊರ ಹೊರಗೆ ದೊಡ್ಡ ಮಳಿಗೆಗಳು ಎದ್ದವು, ಯಜಮಾನರಿಗೆ ವಯಸ್ಸಾಯಿತು, ಮುಂದುವರಿಸುವ ಮಕ್ಕಳಿಲ್ಲದೆ ಸಣ್ಣ ಊರುಗಳ ಬೀದಿಗಳು ಸಾಲಾಗಿ ಮುಚ್ಚಿದವು. ಆದರೂ ಕೆಲವು ಬೀದಿಗಳು ಗಟ್ಟಿಯಾಗಿ ನಿಂತಿವೆ. ಅಲ್ಲಿ ಅಂಗಡಿಯವರು ಸಂಘ ಕಟ್ಟಿ, ದೀಪ, ಮಾಡು, ಹಬ್ಬಗಳನ್ನು ಕೂಡಿ ನಡೆಸುತ್ತಾರೆ. ಬೀದಿಯಲ್ಲಿ ಸುಮ್ಮನೆ ನಡೆದು ತಿಂದು ನೋಡುವುದಕ್ಕೆಂದೇ ಪ್ರವಾಸಿಗರು ಬರುತ್ತಾರೆ.

ನೂರು ವರ್ಷದ ಹಿಂದೆ ಸಹಕಾರಿ ಸಂಘ ಕಟ್ಟಿದ ಶಿರಸಿ ಸೀಮೆಯವರಿಗೆ ಕೂಡಿ ಮಾಡುವುದನ್ನು ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ. ಮೂರೂ ಊರುಗಳಲ್ಲಿ ಇನ್ನೂ ನಿಂತಿರುವ ಹಳೆಯ ಅಂಗಡಿಗಳ ಪಟ್ಟಿಯಾಗಲಿ. ರಸ್ತೆ ಅಗಲ ಮಾಡುವ ಮೊದಲು ಸ್ಥಳೀಯ ಆಡಳಿತ ಒಂದು ಬೀದಿಯನ್ನಾದರೂ ನಡೆದಾಡುವವರಿಗೆಂದೇ ಉಳಿಸಲಿ. ಹೊಸ ಕಟ್ಟಡ ಕಟ್ಟುವವರು ಮುಂದೆ ಒಂದು ಜಗಲಿ, ಅದರ ಮೇಲೊಂದು ಮಾಡು ಬಿಡಲಿ. ನಮ್ಮ ಕಾಲೇಜುಗಳ ಹುಡುಗರು ಹಳೆಯ ಯಜಮಾನರ ಮುಂದೆ ಕೂತು ಅವರ ಮಾತನ್ನು ಬರೆದುಕೊಳ್ಳಲಿ. ಖಾತೆಪುಸ್ತಕಗಳನ್ನು ರದ್ದಿಗೆ ಹಾಕುವ ಮೊದಲು ಒಮ್ಮೆ ತೆರೆದು ನೋಡಲಿ. ಈ ಸೀಮೆಯ ಮನೆಮನೆಯ ಚರಿತ್ರೆ ಅದರಲ್ಲಿದೆ.

ಓದುವ ನಿಮಗೂ ಒಂದು ಮಾತು. ಮುಂದಿನ ಸಲ ಜೋಗಕ್ಕೋ ಸಾತೊಡ್ಡಿಗೋ ಬಂದರೆ ಪೇಟೆಯಲ್ಲಿ ಗಾಡಿ ನಿಲ್ಲಿಸಿ ಇಳಿಯಿರಿ. ಮಂಗಳವಾರ ಶಿರಸಿ, ಬುಧವಾರ ಸಿದ್ದಾಪುರ, ರವಿವಾರ ಯಲ್ಲಾಪುರ. ಒಂದು ಬೀದಿ ನಡೆಯಿರಿ, ಬನ್ಸ್ ಭಾಜಿ ತಿನ್ನಿರಿ, ಬುಟ್ಟಿ ಹೆಣೆದವನ ಕೈಯಿಂದಲೇ ಬುಟ್ಟಿ ಕೊಳ್ಳಿರಿ. ಊರಿನವರು ತಿಂಗಳ ಸಾಮಾನಿನಲ್ಲಿ ಒಂದು ಪಾಲನ್ನಾದರೂ ಹಳೆಯ ಅಂಗಡಿಯಿಂದ ತನ್ನಿ. ನೆನಪಿನ ಲೇಖನದಿಂದ ಯಾವ ಅಂಗಡಿಯೂ ಉಳಿಯುವುದಿಲ್ಲ. ಗಿರಾಕಿ ಬಂದರೆ ಉಳಿಯುತ್ತದೆ.